ಕತೆ ಆಯುವವರಲ್ಲಿ ಯಾರನ್ನು ಮೊದಲು ಓದಬೇಕು?

ಶಿರಸಿಯಿಂದ:
ಹಗಲೆಲ್ಲ ಅಡಿಕೆ ಸುಲಿದು, ರಾತ್ರಿ ವಿಜ್ಞಾನ ಕತೆಗಳ ಹಳೇ ಸಂಕಲನ ಓದಿದೆ. ಮಳೆಗಾಲದ ಬೂಷ್ಟು ಹಿಡಿದ ಪುಸ್ತಕ. ಪ್ರತಿ ಕತೆಗೂ ಮುಂಚೆ ಸಂಪಾದಕರ ಅರ್ಧ ಪುಟದ ಮಾತು. ಅದೇ ನನಗೆ ಜಾಸ್ತಿ ಹಿಡಿಸಿತು. ಇಂಥ ಸಂಪಾದಕರು ಇನ್ಯಾರಿದ್ದಾರೆ?

ಕಾರವಾರದಿಂದ:
ಅಮೆರಿಕದ ಗಾರ್ಡ್ನರ್ ಡೊಜ್ವಾ. ಆಯಾ ವರ್ಷದ ಒಳ್ಳೆಯ ವಿಜ್ಞಾನ ಕತೆಗಳನ್ನು ಆಯ್ದು, 1984ರಿಂದ 2018ರವರೆಗೆ ವರ್ಷಕ್ಕೊಂದರಂತೆ 35 ಸಂಕಲನ ತಂದರು. ಶುರುವಿನಲ್ಲೇ ಆ ವರ್ಷದ ಉದ್ದನೆಯ ಅವಲೋಕನ ಇರುತ್ತದೆ. ದಯವಿಟ್ಟು ಅದನ್ನು ಹಾರಿಸಬೇಡಿ. ವಿಜ್ಞಾನ ಕತೆಗಳ ಪತ್ರಿಕೆಗಳ ಏಳುಬೀಳು ಎಲ್ಲ ಅಲ್ಲೇ ಸಿಗುತ್ತದೆ.

ಕುಮಟಾದಿಂದ:
ಡೇಮನ್ ನೈಟ್ ಕೂಡ. ಕತೆಗಾರ, ವಿಮರ್ಶಕ, ಸಂಪಾದಕ, ಮೂರೂ ಹೌದು. ಮುಲಾಜಿಲ್ಲದೆ ವಿಮರ್ಶೆ ಬರೆದರು. 1966ರಲ್ಲಿ ಹೊಸ ಕತೆಗಳಿಗೇ ಅಂತ ‘ಆರ್ಬಿಟ್’ ಸಂಕಲನಮಾಲೆ ಶುರು ಮಾಡಿದರು.

ಶಿರಸಿಯಿಂದ:
ಹಾಗಾದರೆ ನೈಟ್ ಮೊದಲು. ಬೈದವರೇ ಆಯ್ದದ್ದು ಹೇಗಿರುತ್ತದೆ ನೋಡಬೇಕು, ಅಲ್ವಾ?