ಪದಚರ್ಚೆ: ಫ್ರೆಂಚ್ ಹಳ್ಳಿಗಳ ಕಾಲುಹಾದಿಗೂ ಅಲ್ಲಿನ ಚರ್ಚುಗಳಿಗೂ ಕೆಲವು ಕನ್ನಡ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ನಡುಭಾಗದ ಗುಡ್ಡಗಾಡಿನಲ್ಲಿ ಲ ಪ್ಯುಯಿ ಎಂಬ ಊರಿನಿಂದ ಕೋಂಕ್ ಎಂಬ ಹಳ್ಳಿಯವರೆಗೆ, ಸುಮಾರು ಇನ್ನೂರು ಕಿ.ಮೀ. ನಡೆಯಲು ಹೊರಟಿರುವ ಕನ್ನಡಿಗರ ಗುಂಪೊಂದಕ್ಕೆ ಕೈಪಿಡಿ ಬರೆದುಕೊಡುತ್ತಿದ್ದೇನೆ. ಎಲ್ಲಿ ನೀರು, ಎಲ್ಲಿ ಏರು, ಎಲ್ಲಿ ಇಳುಕಲು ಎಂಬುದನ್ನೆಲ್ಲ ಬರೆದದ್ದಾಯಿತು. ಪೇಚಾಟ ಉಳಿದಿರುವುದು ಪದಗಳದ್ದು. ಕೆಲವಕ್ಕೆ ನಾನೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಒಪ್ಪದವರು ಧಾರಾಳವಾಗಿ ತಕರಾರು ಎತ್ತಿ. ಉಳಿದವಕ್ಕೆ ನಿಮ್ಮ ನಿಮ್ಮ ಊರಿನ ಮಾತು ಬೇಕು.

ಮೊದಲು ದಾರಿಯ ವಿಷಯ. ಇದರ ಅಧಿಕೃತ ಹೆಸರು ಜಿ.ಆರ್. 65. ಫ್ರೆಂಚಿನಲ್ಲಿ ಪೂರ್ತಿ ಹೇಳಿದರೆ ‘ಸಾಂತಿಯೇ ದ ಗ್ರಾಂದ್ ರಾಂದೊನೆ’, ಅಂದರೆ ದೂರದ ನಡಿಗೆಯ ಕಾಲುದಾರಿ. ಝಾಂ ಲ್ವಾಜೋ ಎಂಬಾತನ ಕನಸಿನಂತೆ 1947ರಲ್ಲಿ ಒಂದು ಸಮಿತಿಯಾಗಿ, ಅದೇ ವರ್ಷ ಓರ್ಲೆಯಾಂ ಹತ್ತಿರ ಮೊದಲ ಗುರುತುಗಳನ್ನು ಬಳಿದರು. ನಮ್ಮ ದಾರಿಗೆ ಗುರುತು ಬಿದ್ದದ್ದು 1970ರ ದಶಕದಲ್ಲಿ. ದಾರಿ ಮಾತ್ರ ಅದಕ್ಕಿಂತ ಸಾವಿರ ವರ್ಷ ಹಿಂದಿನದು: ಲ ಪ್ಯುಯಿಯ ಬಿಷಪ್ ಗೊದೆಸ್ಕಾಲ್ಕ್ 950ರ ಸುಮಾರಿಗೆ ಇಲ್ಲಿಂದಲೇ, ಸಂತ ಯಾಕೋಬನ ಸಮಾಧಿಯಿದೆ ಎಂದು ನಂಬುವ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೊರಟಿದ್ದ. ಹೀಗಾಗಿ ಒಂದೇ ನೆಲಕ್ಕೆ ಎರಡು ಹೆಸರು. ನಕ್ಷೆಯಲ್ಲಿ ಅದು ‘ಸಾಂತಿಯೇ’, ಜನರ ಬಾಯಲ್ಲಿ ‘ಶೆಮೇಂ’.

ರಾಂದೊನೆಗೆ ‘ಚಾರಣ’ ಎಂದು ಬರೆದುಬಿಡಿ ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಒಗ್ಗುತ್ತಿಲ್ಲ. ಚಾರಣ ಅಂದ ತಕ್ಷಣ ನಮ್ಮವರ ಕಣ್ಣಿಗೆ ಬರುವುದು ಕುಮಾರಪರ್ವತ, ಕೊಡಚಾದ್ರಿ, ಜಿಗಣೆ, ತುದಿಯಲ್ಲೊಂದು ಫೋಟೊ. ಇಲ್ಲಿ ಹತ್ತುವ ಶಿಖರವೇ ಇಲ್ಲ. ಒಂದು ಹಳ್ಳಿಯ ಚರ್ಚಿನ ಬಾಗಿಲಿನಿಂದ ಹೊರಟು ಇನ್ನೊಂದು ಹಳ್ಳಿಯ ಚರ್ಚಿನ ಬಾಗಿಲಿಗೆ ಹೋಗಿ ನಿಲ್ಲುವುದು, ಅಷ್ಟೇ. ಇನ್ನು ನಮ್ಮ ಜೈನ ಕಾವ್ಯಗಳ ಚಾರಣರಂತೂ ಆಕಾಶಮಾರ್ಗದಲ್ಲಿ ಬರುವ ಮುನಿಗಳು, ನೆಲದ ಮೇಲೆ ನಡೆಯುವ ಕಷ್ಟವೇ ಅವರಿಗಿಲ್ಲ! ‘ಪಾದಯಾತ್ರೆ’ ಅರ್ಧ ಸರಿ. ಶ್ರೀಶೈಲಕ್ಕೋ ಧರ್ಮಸ್ಥಳಕ್ಕೋ ನಡೆದುಹೋಗುವವರಿಗೆ ಅದು ಸಹಜ. ಆದರೆ ಈ ದಾರಿಯಲ್ಲಿ ನಡೆಯುವವರಲ್ಲಿ ಹರಕೆಯೂ ಇಲ್ಲದ, ದೇವರನ್ನೂ ನಂಬದ ಮಂದಿ ಬೇಕಾದಷ್ಟಿದ್ದಾರೆ. ಅವರನ್ನು ಯಾತ್ರಿಕರು ಅನ್ನುವುದು ಹೇಗೆ? ಸದ್ಯಕ್ಕೆ ‘ದೂರನಡಿಗೆ’ ಎಂದು ಬರೆದಿದ್ದೇನೆ. ನಡೆಯುವವರು ನಡಿಗೆಯವರು. ‘ನಡಿಗ’ ಎಂದು ಹೊಸೆದರೆ ಅಚ್ಚಿನ ತಪ್ಪಿನಿಂದ ಆದ ನಟನಂತೆ ಕಾಣುತ್ತದೆ.

ಶೆಮೇಂಗೆ ‘ಹಾದಿ’ ಎಂದು ಇಟ್ಟುಕೊಂಡಿದ್ದೇನೆ, ಇದರ ಬಗ್ಗೆ ನನಗೆ ಅನುಮಾನವಿಲ್ಲ. ಕನ್ನಡ ಕಥೋಲಿಕರು ತಪಸ್ಸುಕಾಲದಲ್ಲಿ ಮಾಡುವ ‘ಶಿಲುಬೆಹಾದಿ’ಯಲ್ಲಿ ಈ ಪದ ಆಗಲೇ ಪಳಗಿದೆ. ‘ಪಥ’ ಅಂದರೆ ಪೆರೇಡ್ ನೆನಪಾಗುತ್ತದೆ. ‘ಬಟ್ಟೆ’ ಎಂಬ ಹಳಗನ್ನಡದ ಪದ ಮುದ್ದಾಗಿದೆ, ಆದರೆ ‘ಬಟ್ಟೆ ಹಿಡಿದು ಹೋಗಿ’ ಎಂದು ಕೈಪಿಡಿಯಲ್ಲಿ ಬರೆದರೆ ಯಾರಾದರೂ ಒಗೆಯಲು ಹೋಗಬಹುದು.

ಹಾದಿಯ ಬಗೆಗಳು ಇನ್ನೂ ಇವೆ. ಓಬ್ರಾಕ್ ಎಂಬ ಬೋಳು ಪ್ರಸ್ಥಭೂಮಿಯಲ್ಲಿ ‘ದ್ರಾಯ್’ ಎಂಬುದಿದೆ: ಮೇ ಕೊನೆಗೆ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಕ್ಟೋಬರಿನಲ್ಲಿ ಇಳಿಸಿಕೊಂಡು ಬರುವ ಅಗಲವಾದ ದಾರಿ. ಎರಡೂ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ‘ದನದ ಹಾದಿ’ ಸಾಕು. ಮೇಲೆ ದನಗಾಹಿಗಳು ಬೇಸಿಗೆಯಿಡೀ ಇದ್ದು ಚೀಸ್ ಮಾಡುತ್ತಿದ್ದ ಕಲ್ಲುಮನೆಗೆ ‘ಬ್ಯುರೋಂ’ ಎನ್ನುತ್ತಾರೆ. ಮಾದೇಶ್ವರ ಬೆಟ್ಟದ ಕಡೆಯ ‘ದೊಡ್ಡಿ’ ಹತ್ತಿರ ಬರುತ್ತದೆ. ಆದರೆ ದೊಡ್ಡಿ ಅಂದರೆ ದನ ಕೂಡುವ ಜಾಗವೇ ಮುಖ್ಯ, ಬ್ಯುರೋಂನಲ್ಲಿ ಹಾಲಿನ ಕೆಲಸ ಮುಖ್ಯ. ಮೂಲ ಪದವನ್ನೇ ಇಟ್ಟು ಒಂದು ಸಾಲು ವಿವರ ಕೊಟ್ಟಿದ್ದೇನೆ.

ಮುಂದಿನದು ಕರಾವಳಿಯವರಿಗೆ ಪ್ರಶ್ನೆ. ಕೋಂಕ್‌ಗೆ ಇಳಿಯುವ ಕೊನೆಯ ದಾರಿ ಕಲ್ಲುಕಲ್ಲಾಗಿ, ಎರಡೂ ಬದಿಯ ನೆಲಕ್ಕಿಂತ ತಗ್ಗಿನಲ್ಲಿ ಹೋಗುತ್ತದೆ. ಶತಮಾನಗಳ ಕಾಲ ಕಾಲು, ಗೊರಸು, ಮಳೆನೀರು ಮೂರೂ ಸೇರಿ ಕೊರೆದದ್ದು. ಧಾರವಾಡದ ಕಡೆ ಓಣಿ ಅಂದರೆ ಮನೆಗಳ ಸಾಲಿನ ಬೀದಿ. ದಕ್ಷಿಣ ಕನ್ನಡದಲ್ಲಿ ಎರಡು ದಿಬ್ಬಗಳ ನಡುವಿನ ಇಕ್ಕಟ್ಟಾದ ಕಾಲುದಾರಿಗೂ ಓಣಿ ಎನ್ನುವುದನ್ನು ಕೇಳಿದ್ದೇನೆ. ಇಲ್ಲಿ ‘ಓಣಿ’ ಎಂದೇ ಬರೆದರೆ ಉತ್ತರ ಕರ್ನಾಟಕದವರು ಮನೆ ಹುಡುಕುತ್ತಾರೆಯೇ? ‘ತಗ್ಗೋಣಿ’ ಎಂದರೆ ಹೇಗೆ?

ಬಣ್ಣದ ಗುರುತುಗಳು: ಮರದ ಮೇಲೆ, ಕಂಬದ ಮೇಲೆ, ಚರ್ಚಿನ ಕಾಂಪೌಂಡಿನ ಮೇಲೆ, ಮೇಲೊಂದು ಬಿಳಿ ಪಟ್ಟೆ, ಕೆಳಗೊಂದು ಕೆಂಪು ಪಟ್ಟೆ. ಇವೆರಡು ಬಣ್ಣ ಅಡ್ಡಡ್ಡ ಕತ್ತರಿ ಹಾಕಿಕೊಂಡಿದ್ದರೆ ಆ ಕಡೆ ಹೋಗಬಾರದು. ಹಳದಿ ಮೇಲೆ, ಕೆಂಪು ಕೆಳಗೆ ಇದ್ದರೆ ಅದು ಒಂದು ಸೀಮೆಯೊಳಗೇ ಸುತ್ತುವ ದಾರಿ. ಬರೀ ಹಳದಿಯಾದರೆ ಒಪ್ಪೊತ್ತಿನ ಸುತ್ತು. ಇದಕ್ಕೆ ‘ಮಾರ್ಗಸೂಚಕ ಚಿಹ್ನೆ’ ಯಾಕೆ? ‘ಪಟ್ಟೆ’ ಸಾಕು. ‘ಪಟ್ಟೆ ನೋಡಿಕೊಂಡು ನಡೆಯಿರಿ, ಕತ್ತರಿ ಕಂಡರೆ ಹಿಂದಕ್ಕೆ ಬನ್ನಿ’ ಅಂದರೆ ಅಜ್ಜಿಗೂ ಗೊತ್ತಾಗುತ್ತದೆ.

ಈಗ ಚರ್ಚುಗಳು. ನಿಜವಾದ ತಲೆನೋವು ಇಲ್ಲಿಂದ.

ಚರ್ಚು, ಇಗರ್ಜಿ, ದೇವಾಲಯ ಮೂರೂ ನಮ್ಮಲ್ಲಿ ಬಳಕೆಯಲ್ಲಿವೆ. ಇಗರ್ಜಿ ಪೋರ್ಚುಗೀಸಿನಿಂದ ಬಂದ ಪದ, ಕರಾವಳಿಯದು. ಮೈಸೂರು–ಬೆಂಗಳೂರು ಕಡೆಯ ಕಥೋಲಿಕರು ‘ದೇವಾಲಯ’ ಎಂದೇ ಹೇಳುತ್ತಾರೆ. ಕ್ಯಾಥೆಡ್ರಲ್‌ಗೆ ಅವರ ‘ಪ್ರಧಾನಾಲಯ’ವನ್ನೂ ಆಲ್ಟರಿಗೆ ‘ಬಲಿಪೀಠ’ವನ್ನೂ ಹಾಗೇ ತೆಗೆದುಕೊಂಡೆ. ಹಳ್ಳಿಯದಕ್ಕೆ ಮಾತ್ರ ‘ಚರ್ಚು’. ‘ಹಳ್ಳಿ ದೇವಾಲಯ’ ಅಂದರೆ ಓದುಗ ಮಾರಮ್ಮನ ಗುಡಿಗೆ ಹೋಗಿಬಿಡುತ್ತಾನೆ.

ಒಂದು ವಿಷಯ ಕೈಪಿಡಿಯಲ್ಲಿ ಬರೆಯಲೇಬೇಕಾಯಿತು. ಫ್ರಾನ್ಸಿನಲ್ಲಿ ಧರ್ಮವನ್ನೂ ಸರಕಾರವನ್ನೂ ಬೇರ್ಪಡಿಸಿದ್ದು 1905ರ ಕಾಯಿದೆ. ಅದಕ್ಕಿಂತ ಮುಂಚಿನ ಹಳ್ಳಿ ಚರ್ಚುಗಳ ಒಡೆತನ ಬಹುಮಟ್ಟಿಗೆ ಅಲ್ಲಿನ ‘ಕೊಮ್ಯೂನ್’ನದು, ಅಂದರೆ ಊರಿನ ಸ್ಥಳೀಯ ಆಡಳಿತದ್ದು, ಬಿಷಪ್ಪನದಲ್ಲ. ಬೀಗ ಹಾಕಿದ್ದರೆ ಕೀಲಿ ಎಷ್ಟೋ ಸಲ ಕೊಮ್ಯೂನಿನ ಕಚೇರಿಯಾದ ‘ಮೇರಿ’ಯಲ್ಲಿರುತ್ತದೆ, ಇಲ್ಲವೇ ಎದುರು ಮನೆಯಲ್ಲಿ. ಮೇರಿಗೆ ‘ಪುರಸಭೆ’ ಎನ್ನುತ್ತದೆ ನಿಘಂಟು. ಇನ್ನೂರು ಜನರಿರುವ ಊರಿಗೆ ಎಂಥ ಪುರ, ಎಂಥ ಸಭೆ! ‘ಪಂಚಾಯ್ತಿ ಆಫೀಸು’ ಎಂದು ಬರೆದೆ.

ಇನ್ನು ‘ಕ್ಲೊಷೆ’, ಗಂಟೆಯಿರುವ ಎತ್ತರದ ಭಾಗ. ನಡೆಯುವವರಿಗೆ ಊರಿಗಿಂತ ಮೊದಲು ಕಾಣುವುದು ಇದೇ, ಹಾಗಾಗಿ ಕೈಪಿಡಿಯಲ್ಲಿ ಪುಟಕ್ಕೊಮ್ಮೆ ಬರುತ್ತದೆ. ‘ಗಂಟೆಗೋಪುರ’ ಬಳಕೆಯಲ್ಲಿದೆ, ಬಹಳ ಕಡೆ ನಡೆಯುತ್ತದೆ. ಲೋತ್ ನದಿಯ ದಂಡೆಯ ಸೇಂ ಕೋಮ್ ದೋಲ್ತ್‌ನಲ್ಲಿ ಹದಿನಾರನೇ ಶತಮಾನದ ಗೋಪುರದ ಚೂಪು ತುದಿ ಹಗ್ಗಕ್ಕೆ ಹುರಿ ಹಾಕಿದಂತೆ ತಿರುಚಿಕೊಂಡಿದೆ. ‘ಹುರಿಗೋಪುರ’ ಎಂದು ಧೈರ್ಯ ಮಾಡಿ ಬರೆದಿದ್ದೇನೆ. ಸ್ವಲ್ಪ ಮುಂದೆ ಬೆಸ್ಯುಏಜೂಲ್‌ನಲ್ಲಿ ಗೋಪುರದ ಒಳಗೇ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲಂತಸ್ತಿನಲ್ಲಿ ಒಂದು ಪುಟ್ಟ ಪ್ರಾರ್ಥನಾ ಕೋಣೆ, ಅದಕ್ಕೊಂದು ಕಲ್ಲಿನ ಬಲಿಪೀಠ. ಇದೂ ಗೋಪುರವೇ ಸರಿ. ಆದರೆ ಎಸ್ಪಾಲಿಯೋಂ ಊರಾಚೆಯ ಪೆರ್ಸ್ ಚರ್ಚಿಗೆ ಗೋಪುರವೇ ಇಲ್ಲ. ಕೆಂಪು ಮರಳುಗಲ್ಲಿನ ಗೋಡೆಯೊಂದನ್ನೇ ಮಾಡಿಗಿಂತ ಮೇಲಕ್ಕೆ ಎಬ್ಬಿಸಿ, ಅದರಲ್ಲಿ ಕಮಾನಿನ ಕಿಂಡಿಗಳನ್ನು ಬಿಟ್ಟು, ಕಿಂಡಿಗಳಲ್ಲಿ ಗಂಟೆ ತೂಗಿಸುವ ಪದ್ಧತಿ. ಫ್ರೆಂಚರು ‘ಕ್ಲೊಷೆ ಮ್ಯೂರ್’ ಎನ್ನುತ್ತಾರೆ, ಮ್ಯೂರ್ ಅಂದರೆ ಗೋಡೆ. ಇದನ್ನು ಗೋಪುರ ಅಂದರೆ ಊರು ಮುಟ್ಟಿದವನು ಇಲ್ಲದ ಗೋಪುರವನ್ನು ಹುಡುಕುತ್ತಾನೆ. ‘ಗಂಟೆಗೋಡೆ’ ನನ್ನ ಸಲಹೆ.

ದೇವಸ್ಥಾನದ ಪದಗಳನ್ನು ಎಷ್ಟರಮಟ್ಟಿಗೆ ಎರವಲು ತರಬಹುದು? ನನ್ನ ಅಳತೆಗೋಲು ಇದು: ಆಕಾರ ಹೇಳುವ ಪದ ತರಬಹುದು, ಪೂಜಾಕ್ರಮ ಹೇಳುವ ಪದ ತರಬಾರದು. ಬಲಿಪೀಠವಿರುವ ಒಳಭಾಗಕ್ಕೆ ‘ಗರ್ಭಗುಡಿ’ ಎಂದರೆ ಮೂರ್ತಿ, ಕತ್ತಲೆ, ಒಳಗೆ ಅರ್ಚಕರಿಗೆ ಮಾತ್ರ ಪ್ರವೇಶ ಎಲ್ಲವೂ ಜೊತೆಗೇ ಬರುತ್ತವೆ. ಬೇಡ. ಅದೇ ಭಾಗವನ್ನು ಹೊರಗಿನಿಂದ ನೋಡಿದಾಗ ಅರ್ಧವೃತ್ತದ ಬೆನ್ನು ಕಾಣುತ್ತದೆ, ಫ್ರೆಂಚಿನಲ್ಲಿ ‘ಶೆವೆ’. ಇದಕ್ಕೆ ನಮ್ಮಲ್ಲಿ ಸಿದ್ಧವಾಗಿಯೇ ಇದೆ: ‘ಗಜಪೃಷ್ಠ’. ಐಹೊಳೆಯ ದುರ್ಗ ಗುಡಿಯ ಹಿಂಬದಿ, ಉಡುಪಿಯ ಅನಂತೇಶ್ವರದ ಹಿಂಬದಿ ನೋಡಿದವರಿಗೆ ಬೇರೆ ವಿವರಣೆ ಬೇಡ. ಕಪ್ಪು ಬಸಾಲ್ಟ್ ಕಲ್ಲಿನ ನಾಸ್ಬಿನಾಲ್ ಚರ್ಚನ್ನು ಹಿಂದಿನಿಂದ ಕಂಡರೆ ಪದ ಎಷ್ಟು ಹೊಂದುತ್ತದೆ ಎಂದು ಗೊತ್ತಾಗುತ್ತದೆ.

‘ತೇಂಪಾಂ’ ವಿಷಯದಲ್ಲಿ ಮಾತ್ರ ನಾನು ಇತ್ತಲೂ ಅಲ್ಲ ಅತ್ತಲೂ ಅಲ್ಲ. ಬಾಗಿಲ ಮೇಲಿನ ಅಡ್ಡತೊಲೆಗೂ ಅದರ ಮೇಲಿನ ಕಮಾನಿಗೂ ನಡುವೆ ಇರುವ ಅರ್ಧಚಂದ್ರದ ಕೆತ್ತನೆ. ಕೋಂಕ್‌ನ ಸೇಂತ್ ಫ್ವಾ ಚರ್ಚಿನದು ಹನ್ನೆರಡನೇ ಶತಮಾನದ್ದು, ಕೊನೆಯ ತೀರ್ಪಿನ ದಿನದ ಚಿತ್ರ, ನೂರಿಪ್ಪತ್ತಕ್ಕೂ ಹೆಚ್ಚು ಆಕೃತಿಗಳು, ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ನಡುವೆ ಕ್ರಿಸ್ತ. ಅವನ ಪಾದದ ಕೆಳಗೆ ಆತ್ಮಗಳನ್ನು ತೂಗುವ ತಕ್ಕಡಿ. ಒಂದು ಕಡೆ ದೇವದೂತ ಮಿಕಾಯೇಲ, ಇನ್ನೊಂದು ಕಡೆ ಸೈತಾನ. ಸೈತಾನ ತನ್ನ ಕಡೆಯ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಾನೆ, ಸಂತೆಯಲ್ಲಿ ಕಂಡಿದ್ದೇವಲ್ಲ, ಅದೇ ಕೈಚಳಕ. ಕಮಾನಿನ ಅಂಚಿನಲ್ಲಿ ಕಲ್ಲಿನ ಸುರುಳಿಯ ಹಿಂದೆ ಅಡಗಿ, ಬೆರಳಿನಲ್ಲಿ ಅಂಚು ಹಿಡಿದು, ಕಣ್ಣು ಮೂಗು ಮಾತ್ರ ಹೊರಗೆ ಹಾಕಿ ಇಣುಕುವ ಪುಟ್ಟ ಮುಖಗಳಿವೆ. ಅವನ್ನು ಫ್ರೆಂಚರು ‘ಕುತೂಹಲಿಗಳು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ‘ಇಣುಕಣ್ಣಗಳು’ ಎಂದು ಬರೆಯುವ ಆಸೆ ನನಗೆ, ತೀರಾ ಹಗುರಾಯಿತೇ ಹೇಳಿ. ತೇಂಪಾಂಗೆ ‘ತೋರಣ’ ಎನ್ನಬಹುದೇ? ಹೊಯ್ಸಳ ಬಾಗಿಲುಗಳ ಮೇಲಿನ ಮಕರತೋರಣ ಇರುವುದೂ ಅದೇ ಜಾಗದಲ್ಲಿ. ಆದರೆ ತೋರಣ ಅಂದರೆ ಮಾವಿನೆಲೆ, ಹಬ್ಬ. ನರಕದಲ್ಲಿ ಜನರನ್ನು ತಲೆಕೆಳಗಾಗಿ ನೇತುಹಾಕಿದ ಚಿತ್ರಕ್ಕೆ ಆ ಹೆಸರು ಯಾಕೋ ಬಾಯಿಗೆ ಬರುತ್ತಿಲ್ಲ. ಶಿಲ್ಪದ ಪರಿಭಾಷೆ ಬಲ್ಲವರು ಹೇಳಬೇಕು.

ದಾರಿಬದಿಯ ಕಲ್ಲಿನ ಶಿಲುಬೆಗಳಿಗೆ ‘ಶಿಲುಬೆಗಲ್ಲು’, ವೀರಗಲ್ಲು ಮಾಸ್ತಿಗಲ್ಲುಗಳ ಸಾಲಿಗೆ. ತಂಗುವ ‘ಝೀತ್’ಗೆ ‘ಛತ್ರ’. ಯಾತ್ರಿಕರ ಪುಸ್ತಕದಲ್ಲಿ ಪ್ರತಿ ತಂಗುದಾಣದಲ್ಲೂ ಒತ್ತಿಕೊಡುವುದು ‘ಠಸ್ಸೆ’. ಇವಕ್ಕೆ ಚರ್ಚೆ ಬೇಡ ಅನ್ನಿಸುತ್ತದೆ.

ಗಂಟೆಯ ಬಗ್ಗೆ ಒಂದು ಪ್ರಶ್ನೆ ಇದೆ. ಓಬ್ರಾಕ್ ಹಳ್ಳಿಯಲ್ಲಿ ಹನ್ನೆರಡನೇ ಶತಮಾನದಿಂದ ಯಾತ್ರಿಕರಿಗಾಗಿ ಒಂದು ದೊಡ್ಡ ಆಶ್ರಯಧಾಮ ಇತ್ತು. ಮಂಜು ಕವಿದಾಗ, ಹಿಮ ಬಿದ್ದಾಗ ದಾರಿ ತಪ್ಪಿದವರಿಗೆ ಕೇಳಲೆಂದು ಅಲ್ಲಿ ಗಂಟೆ ಬಾರಿಸುತ್ತಿದ್ದರು, ‘ದಾರಿ ತಪ್ಪಿದವರ ಗಂಟೆ’ ಎಂದೇ ಅದರ ಹೆಸರು. ಇದು ಸುಲಭ. ಆದರೆ ಈಗಲೂ ಹಳ್ಳಿಹಳ್ಳಿಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಮೂರು ಪೆಟ್ಟಾಗಿ ಬಾರಿಸುವ ‘ಆಂಜೆಲ್ಯೂಸ್’ ಇದೆಯಲ್ಲ, ಆ ಹೊತ್ತಿನ ಪ್ರಾರ್ಥನೆಗೆ ಕನ್ನಡ ಕಥೋಲಿಕರ ಮನೆಗಳಲ್ಲಿ ಏನೆನ್ನುತ್ತಾರೆ? ಮನೆಮಾತು ಬೇಕು, ಪುಸ್ತಕದ್ದಲ್ಲ.

ಹಾಗೆಯೇ ಈ ಹಾದಿಯ ಸಂತನ ಹೆಸರು. ಫ್ರೆಂಚಿನಲ್ಲಿ ಸೇಂ ಝಾಕ್, ಬೈಬಲಿನಲ್ಲಿ ಯಾಕೋಬ, ಇಂಗ್ಲಿಷಿನ ಮೂಲಕ ಜೇಮ್ಸ್. ಹಳೆಯ ಮೈಸೂರಿನ ಕ್ರೈಸ್ತ ಮನೆಗಳಲ್ಲಿ ರಾಯಪ್ಪ, ಚಿನ್ನಪ್ಪ ಎಂಬ ಹೆಸರುಗಳ ಜೊತೆ ಯಾಗಪ್ಪ ಎಂದೂ ಇಡುತ್ತಿದ್ದರು. ಪೇತ್ರ, ಪೌಲ, ಯಾಕೋಬರೇ ಅವರು. ‘ಸಂತ ಯಾಗಪ್ಪನ ಹಾದಿ’ ಎಂದು ಮುಖಪುಟದಲ್ಲಿ ಹಾಕುವ ಮನಸ್ಸಿದೆ. ಈ ಹೆಸರು ಇಂದಿನ ಹುಡುಗರಿಗೆ ತಿಳಿಯುತ್ತದೆಯೇ, ಇಲ್ಲ ಅಡಿಟಿಪ್ಪಣಿ ಬೇಕೇ?

ಕೊನೆಯದು, ಹಳೆಯ ಪುಸ್ತಕ ಇಟ್ಟುಕೊಂಡವರಿಗೆ. ಮೈಸೂರು ಸೀಮೆಯ ಫ್ರೆಂಚ್ ಪಾದ್ರಿಗಳು ಬೆಂಗಳೂರಿನಲ್ಲಿ 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನೂ ಅಚ್ಚು ಹಾಕಿಸಿದ್ದರು. ಇಂಥದೇ ಹಳ್ಳಿ ಚರ್ಚುಗಳ ಗಂಟೆ ಕೇಳಿ ಬೆಳೆದು ಇಲ್ಲಿಗೆ ಬಂದವರು, ಏನಾದರೊಂದು ಕನ್ನಡ ಪದ ಕೊಟ್ಟೇ ಇರಬೇಕು. ಎರಡನೆಯ ನಿಘಂಟು ಯಾರ ಬಳಿಯಾದರೂ ಇದ್ದರೆ ‘ಕಂಪಾನಾ’ (ಗಂಟೆ), ‘ತುರ್ರಿಸ್’ (ಗೋಪುರ), ‘ಪೆರೆಗ್ರಿನುಸ್’ (ಯಾತ್ರಿಕ) ಈ ಮೂರರ ಎದುರು ಏನಿದೆ ನೋಡಿ ದಯವಿಟ್ಟು ಟೈಪ್ ಮಾಡಿ ಹಾಕಿ. ಪುಟದ ಫೋಟೊ ಆದರೂ ಪರವಾಗಿಲ್ಲ, ಓದಿಕೊಳ್ಳುತ್ತೇನೆ.