ಉತ್ತರ: ಬೆನ್ನುಮೂಳೆ ‘ಸರಿದಿದೆ’ ಅನ್ನುವುದಕ್ಕೆ ಕನ್ನಡ ಪದ (ನಾಳೆಯೇ ಬೋರ್ಡ್ ಬರೆಸಬೇಕು)

ಗೆಳೆಯರೇ,

ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆಯ ಮಣಿಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ. ಅದರಲ್ಲಿ ಬೆನ್ನುಮೂಳೆ ‘ಸರಿದಿದೆ’ ಅನ್ನುವುದಕ್ಕೆ ಬೋರ್ಡಿಗೂ ಅನುವಾದಕ್ಕೂ ಕನ್ನಡ ಪದ ಕೇಳಿದ್ದೀರಿ. ತೀರ್ಥಹಳ್ಳಿಯ ಆ ಬೋರ್ಡು ನಾಳೆ ಪೇಂಟರ್ ಕೈ ಸೇರಬೇಕಂತೆ. ಹಾಗಾಗಿ ಮೊದಲು ಒಂದು ತಪ್ಪು ತಿದ್ದಿ. ಕರಡಿನಲ್ಲಿ ‘ಬೆನ್ನುಹುರಿ ಸರಿಪಡಿಸುವುದು’ ಅಂತಿದೆ. ಹುರಿ ಅಂದರೆ ಮೂಳೆಯ ಒಳಗೆ ಇಳಿಯುವ ನರಗಳ ಕಟ್ಟು. ಅದನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ. ಅಲ್ಲಿ ಬೇಕಾದ್ದು ಬೆನ್ನುಮೂಳೆ.

ಮಣಿ ಸರಿಯುವುದಕ್ಕೆ ‘ಕಶೇರುಕ ವಿಚಲನ’ ಅನ್ನುವ ಸಂಸ್ಕೃತದ ಮಾತು ಬೇಡ. ಅದರ ಚರ್ಚೆಯೂ ಬೇಡ. ಅಡಿಕೆ ಮರದಿಂದ ಜಾರಿ ಸೊಂಟ ಹಿಡಿದುಕೊಂಡವರಿಗೆ ಅದು ಅರ್ಥವಾಗುವುದಿಲ್ಲ.

ಕೈರೋಪ್ರಾಕ್ಟಿಕ್‌ಗೆ ‘ಕೈಮದ್ದು’ ಸೂಚಿಸಿದವರು ನಮ್ಮ ಕಡೆಯವರಲ್ಲ ಅನ್ಸುತ್ತೆ. ಮೂಲಕ್ಕೆ ಹತ್ತಿರವಿದೆ, ಒಪ್ಪುತ್ತೇನೆ. ಗ್ರೀಕಿನಲ್ಲಿ ‘ಖೈರ್’ ಅಂದರೆ ಕೈ, ‘ಪ್ರಾಕ್ಸಿಸ್’ ಅಂದರೆ ಮಾಡುವ ಕೆಲಸ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಶುರು ಮಾಡಿದ ಪದ್ಧತಿಗೆ ಅವೆರಡನ್ನೂ ಸೇರಿಸಿ ಹೆಸರಿಟ್ಟರು. ಆದರೆ ಮಲೆನಾಡಿನಲ್ಲಿ ಕೈಮದ್ದು ಅಂದರೆ ಆಗದವರು ಊಟದಲ್ಲಿ ಕಲಸಿ ಹಾಕುವ ಮದ್ದು. ಅಂಥ ಬೋರ್ಡು ನೋಡಿದರೆ ಜನ ಆಚೆ ದಾರಿ ಹಿಡಿಯುತ್ತಾರೆ.

ನನ್ನ ಪ್ರೀತಿಯ ಪದ ‘ಉಳುಕು’. ತಮಿಳು, ಮಲಯಾಳದಲ್ಲೂ ‘ಉಳುಕ್ಕು’ ಇದೆ. ಅಪ್ಪಟ ದ್ರಾವಿಡ ಮಾತು. ‘ಉಳುಕು ತೆಗೆಯುವುದು’ ಅಂದರೆ ಮನೆಯ ಅಜ್ಜಿಗೂ ಗೊತ್ತು. ಎರಡು ದಿನ ಅದನ್ನೇ ಹಿಡಿದು ಕೂತಿದ್ದೆ, ಈಗ ಬಿಡುತ್ತಿದ್ದೇನೆ. ಉಳುಕಿದಾಗ ಪೆಟ್ಟು ತಿನ್ನುವುದು ಕೀಲಿನ ಸುತ್ತಲಿನ ನಾರು. ಕೀಲು ತಪ್ಪುವುದು ಇನ್ನೊಂದು, ಅಲ್ಲಿ ಮೂಳೆಯೇ ಜಾಗ ಬಿಡುತ್ತದೆ. ಕೈರೋಪ್ರಾಕ್ಟರ್‌ಗಳು ಹೇಳುವುದು ಈ ಎರಡೂ ಅಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ಅಲುಗಾಡುವ ಮಣಿಗಳು 24. ಅದರಲ್ಲೊಂದು ಚೂರು ಸರಿದು ನರಕ್ಕೆ ತೊಂದರೆ ಕೊಡುತ್ತದೆ, ಅದನ್ನು ಒತ್ತಿ ಸರಿಮಾಡುತ್ತೇವೆ ಅನ್ನುವುದು ಅವರ ವಾದ. ಅದಕ್ಕೆ ‘ಮಣಿ ಸರಿತ’ ಸಾಕು. ‘ಕುಸಿ’ ಅನ್ನುವುದು ‘ಕುಸಿತ’ ಆದ ಹಾಗೆ ‘ಸರಿ’ (ಜರುಗು) ‘ಸರಿತ’.

ಅನುವಾದಕ್ಕೆ ಈ ಪದ ಬಳಸಿ, ಬೋರ್ಡಿಗೆ ಬೇಡ. ಆ ವಾದವನ್ನು ಮೂಳೆ ಡಾಕ್ಟರುಗಳು ಒಪ್ಪುವುದಿಲ್ಲ. ಒತ್ತಿದಾಗ ಬರುವ ‘ಟಕ್’ ಕೂಡ ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಬೆರಳಿನ ನೆಟಿಗೆ ಮುರಿದಾಗ ಬರುವಂಥದ್ದೇ. ಸೊಂಟನೋವಿಗೆ ಕೆಲವರಿಗೆ ಆರಾಮ ಸಿಗುವುದು ನಿಜ. ಅಷ್ಟನ್ನೇ ಬರೆಯಿರಿ.

ಎರವಲು ಪದದ ಬಗ್ಗೆ ಜಾಸ್ತಿ ಜಗಳ ಬೇಡ. ‘ಚಿಕಿತ್ಸೆ’ಯೂ ಎರವಲೇ ಅಲ್ವಾ? ಸಂಸ್ಕೃತದಿಂದ ಬಂದರೆ ಮನೆಯವರು, ಇಂಗ್ಲಿಷಿನಿಂದ ಬಂದರೆ ಹೊರಗಿನವರು ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಬೋರ್ಡಿಗೆ ಇಷ್ಟು: ‘ಕೈರೋಪ್ರಾಕ್ಟಿಕ್. ಬೆನ್ನು, ಸೊಂಟ, ಕುತ್ತಿಗೆ ನೋವಿಗೆ ಕೈಯಿಂದ ಚಿಕಿತ್ಸೆ.’ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಬಿದ್ದು ಪೆಟ್ಟಾಗಿದ್ದರೆ, ಕಾಲು ಜೋಮು ಹಿಡಿದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ.’ ಅಡಿಕೆಯ ಕೊನೆಕೊಯ್ಲು ಶುರುವಾಗಿದೆ, ಮರದಿಂದ ಬಿದ್ದವರೂ ಬರಬಹುದು. ಆ ಸಾಲನ್ನು ಬಿಡಬೇಡಿ.