ಪಿಯಾನೊದಿಂದ ಆಸ್ಪತ್ರೆಯ ಪ್ರಯೋಗಾಲಯಕ್ಕೆ: ಮ್ಯಾನ್‌ಫ್ರೆಡ್ ಕ್ಲೈನ್ಸ್ ಅವರನ್ನು ಹೇಗೆ ನೆನೆಯಬೇಕು?

ಪ್ರಶ್ನೆ (ಸಂಗೀತ ಸಭೆಯ ಪತ್ರಿಕೆಯ ಸಂಪಾದಕ)

ಮಾನ್ಯರೇ, ನಮ್ಮ ಸಭೆಯ ತ್ರೈಮಾಸಿಕಕ್ಕಾಗಿ, ಪಿಯಾನೊ ವಾದಕರೂ ಸಂಶೋಧಕರೂ ಆಗಿದ್ದ ಮ್ಯಾನ್‌ಫ್ರೆಡ್ ಕ್ಲೈನ್ಸ್ ಅವರ ಸ್ಮರಣೆಯಲ್ಲಿ ಎರಡು ಪುಟಗಳ ಲೇಖನ ಬರೆಯುತ್ತಿದ್ದೇನೆ. 1925ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು, ನಾಜಿಗಳ ಭಯದಿಂದ ಯುರೋಪನ್ನು ತೊರೆದ ಕುಟುಂಬದೊಂದಿಗೆ 1938ರಲ್ಲಿ ಮೆಲ್ಬರ್ನ್ ಸೇರಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗನ್ನೂ ಸಂಗೀತವನ್ನೂ ಓದಿ, ಮುಂದೆ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಪಿಯಾನೊ ಅಭ್ಯಾಸ ಮಾಡಿದರು. ಪ್ರಿನ್ಸ್‌ಟನ್‌ನಲ್ಲಿದ್ದಾಗ ಐನ್‌ಸ್ಟೈನ್ ಅವರು ಇವರ ನುಡಿಸಾಣಿಕೆಯನ್ನು ಮೆಚ್ಚಿ ಪತ್ರ ಬರೆದುಕೊಟ್ಟಿದ್ದರು. ಇಷ್ಟಾದರೂ ಸಂಸಾರ ನಡೆಯಬೇಕಲ್ಲ. 1954ರ ಸುಮಾರಿಗೆ ಅವರು ಕಂಪ್ಯೂಟರಿನ ಕೆಲಸಕ್ಕೆ ಸೇರಿದರು, 1956ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಬಂದರು. 2020ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.

ನನ್ನ ಕರಡಿನ ಮೊದಲ ಸಾಲು, ‘ಸಂಗೀತವನ್ನು ಬಿಟ್ಟು ವೈದ್ಯಕೀಯ ತಂತ್ರಜ್ಞಾನಕ್ಕೆ ಬಂದ ಮಹನೀಯರು’ ಎಂದಿದೆ. ಬರೆದ ದಿನದಿಂದಲೂ ‘ಬಿಟ್ಟು’ ಎಂಬ ಪದ ಕಿರಿಕಿರಿ ಮಾಡುತ್ತಿದೆ. ಆಸ್ಪತ್ರೆಯಲ್ಲಿದ್ದಾಗ ಅವರು ರೂಪಿಸಿದ, ಮಿದುಳಿನ ಸಂಕೇತ ಹಿಡಿಯುವ ಯಂತ್ರ ನಿಜಕ್ಕೂ ಏನು ಮಾಡುತ್ತಿತ್ತು ಎಂಬುದನ್ನು ನಮ್ಮ ಓದುಗರಿಗೆ, ಅಂದರೆ ಬಹುಪಾಲು ಸಂಗೀತಗಾರರಿಗೆ, ತಿಳಿಯುವಂತೆ ಯಾರಾದರೂ ವಿವರಿಸಬಲ್ಲಿರಾ?

ಉತ್ತರ 1 (ಶ್ರವಣ ತಜ್ಞೆ, ಮೈಸೂರು)

ಆ ಯಂತ್ರದ ಹೆಸರು ‘ಕಂಪ್ಯೂಟರ್ ಆಫ್ ಅವರೇಜ್ ಟ್ರಾನ್ಸಿಯೆಂಟ್ಸ್’; ಪ್ರಯೋಗಾಲಯಗಳಲ್ಲಿ ಅದನ್ನು ‘ಕ್ಯಾಟ್’ ಎಂದೇ ಕರೆಯುತ್ತಿದ್ದರು. ಅದರ ತತ್ತ್ವವನ್ನು ನಾನು ದಿನವೂ ಬಳಸುತ್ತೇನೆ, ಆದ್ದರಿಂದ ನನ್ನ ಕೋಣೆಯಿಂದಲೇ ಹೇಳುತ್ತೇನೆ.

ಹಸುಗೂಸಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ನಾವು ‘ಬೇರಾ’ ಪರೀಕ್ಷೆ ಮಾಡುತ್ತೇವೆ. ತಾಯಿ ಹಾಲೂಡಿಸಿ ಮಲಗಿಸಿದ ಮಗುವಿನ ಹಣೆಯನ್ನೂ ಕಿವಿಯ ಹಿಂಭಾಗವನ್ನೂ ಒರೆಸಿ, ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ‘ಟಕ್ ಟಕ್’ ಎಂಬ ಸದ್ದನ್ನು ಸೆಕೆಂಡಿಗೆ ಹಲವು ಬಾರಿ ಕೇಳಿಸುತ್ತೇವೆ. ಆ ಸದ್ದಿಗೆ ಮಿದುಳಿನ ಬುಡ ಕೊಡುವ ಉತ್ತರ ಒಂದು ಮೈಕ್ರೊವೋಲ್ಟಿಗಿಂತ, ಅಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ, ಕಡಿಮೆ. ಅದೇ ತಲೆಯೊಳಗಿನ ಉಳಿದ ವಿದ್ಯುತ್ ಗದ್ದಲ ಅದರ ಹತ್ತಾರು ಪಟ್ಟು. ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಆದರೆ ಉತ್ತರ ಪ್ರತಿ ‘ಟಕ್’ ಆದ ಮೇಲೂ ಅದೇ ಗಳಿಗೆಗೆ ಬರುತ್ತದೆ, ಗದ್ದಲಕ್ಕೆ ಅಂಥ ಲೆಕ್ಕವಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಗದ್ದಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ: ನೂರು ಬಾರಿಗೆ ಹತ್ತನೇ ಒಂದು ಭಾಗಕ್ಕೆ, ಎರಡು ಸಾವಿರ ಬಾರಿಗೆ ಸುಮಾರು ನಲವತ್ತೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲು ಪರದೆಯ ಮೇಲೆ ಗೊತ್ತುಗುರಿಯಿಲ್ಲದೆ ನಡುಗುವ ಗೆರೆ ನಿಧಾನವಾಗಿ ತಣಿದು, ಮಿದುಳಿನ ಉತ್ತರದ ಅಲೆಗಳಲ್ಲಿ ಐದನೆಯದು ಗುಡ್ಡದಂತೆ ಎದ್ದು ನಿಂತಾಗ, ಮಗುವಿನ ಅಜ್ಜಿಯ ಕಡೆ ತಿರುಗಿ ‘ಕೇಳಿಸುತ್ತದೆ ಅಮ್ಮ’ ಎನ್ನುತ್ತೇನೆ.

ಉತ್ತರ 2 (ನಿವೃತ್ತ ಬಯೋಮೆಡಿಕಲ್ ಎಂಜಿನಿಯರ್)

ಮೇಡಂ ಅವರ ವಿವರಣೆ ಚೊಕ್ಕವಾಗಿದೆ. ಆದರೆ ಸರಾಸರಿಯ ಉಪಾಯವನ್ನೇ ಕ್ಲೈನ್ಸ್ ಕಂಡುಹಿಡಿದರು ಎಂದು ಬರೆದುಬಿಡಬೇಡಿ. ಲಂಡನ್ನಿನ ಸಂಶೋಧಕ ಜಾರ್ಜ್ ಡಾಸನ್ 1950ರ ದಶಕದ ಆರಂಭದಲ್ಲೇ ಯಾಂತ್ರಿಕ ಸಾಧನವೊಂದರಿಂದ ಇದನ್ನು ಮಾಡಿ ತೋರಿಸಿದ್ದರು. ಅಮೆರಿಕದ ಎಂಐಟಿ ತಾಂತ್ರಿಕ ಸಂಸ್ಥೆಯಲ್ಲೂ ಇಂಥದೊಂದು ಕಂಪ್ಯೂಟರ್ ಸಿದ್ಧವಾಗಿತ್ತು. ಕ್ಲೈನ್ಸ್ ಅವರ ಹೆಚ್ಚುಗಾರಿಕೆ ಇರುವುದು, ಸಾಮಾನ್ಯ ಪ್ರಯೋಗಾಲಯವೂ ಕೊಂಡು ಮೇಜಿನ ಮೇಲಿಟ್ಟು ಬಳಸಬಹುದಾದ ರೂಪವನ್ನು ಅದಕ್ಕೆ ಕೊಟ್ಟದ್ದರಲ್ಲಿ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಕೆಲಸವಲ್ಲ.

1960ರಲ್ಲಿ ‘ಸೈಬಾರ್ಗ್’ (ಯಂತ್ರದೊಂದಿಗೆ ಬೆಸೆದುಕೊಂಡ ಜೀವಿ) ಎಂಬ ಪದ ಹುಟ್ಟಿದ್ದೂ ಅವರಿಂದಲೇ. ಕ್ಲೈನ್ಸ್ ಅವರೂ ಅವರನ್ನು ಆಸ್ಪತ್ರೆಗೆ ಕರೆತಂದ ಮನೋವೈದ್ಯ ನೇಥನ್ ಕ್ಲೈನ್ ಅವರೂ ಸೇರಿ (ಕ್ಲೈನ್ಸ್, ಕ್ಲೈನ್ ಬೇರೆ ಬೇರೆ, ಅಚ್ಚಿನಲ್ಲಿ ಎಡವಬೇಡಿ) ಬಾಹ್ಯಾಕಾಶ ಯಾನದ ಬಗ್ಗೆ ಬರೆದ ಲೇಖನದಲ್ಲಿ ಅದನ್ನು ಬಳಸಿದರು. ಅಲ್ಲಿನ ಚಿತ್ರದಲ್ಲಿರುವುದು ಸಿನಿಮಾದ ಲೋಹದ ಮನುಷ್ಯನಲ್ಲ, ಮೈಗೆ ಪುಟ್ಟ ಔಷಧ ಪಂಪ್ ಅಳವಡಿಸಿಕೊಂಡ ಒಂದು ಇಲಿ. ಇಂದು ಸಕ್ಕರೆ ಕಾಯಿಲೆಯವರು ಧರಿಸುವ ಇನ್ಸುಲಿನ್ ಪಂಪ್ ನೋಡಿದಾಗಲೆಲ್ಲ ನನಗೆ ಆ ಇಲಿ ನೆನಪಾಗುತ್ತದೆ.

ಉತ್ತರ 3 (ವೀಣೆಯ ಶಿಕ್ಷಕಿ)

‘ಬಿಟ್ಟು’ ಎಂಬುದನ್ನು ದಯವಿಟ್ಟು ತೆಗೆದುಹಾಕಿ. ಆಸ್ಪತ್ರೆಯಲ್ಲಿ ಹೆಸರಾದ ಮೇಲೆ ಅವರು ಮಾಡಿದ್ದೇನು? ಭಾವವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆರಳಿನಿಂದ ಗುಂಡಿಯನ್ನು ಒತ್ತಿದಾಗ ಆ ಒತ್ತಡ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಎತ್ತ ವಾಲುತ್ತದೆ ಎಂದು ಬರೆದಿಡುವ ಉಪಕರಣವನ್ನು ಕಟ್ಟಿದರು. ದುಃಖಕ್ಕೆ ಒಂದು ಆಕಾರ, ಕೋಪಕ್ಕೆ ಇನ್ನೊಂದು ಎಂದು ವಾದಿಸಿದರು. ಆಮೇಲೆ ಸಿಡ್ನಿಯ ಸಂಗೀತ ಶಾಲೆಯಲ್ಲಿ ಸಂಶೋಧನೆ ನಡೆಸಿದರು, ಕಂಪ್ಯೂಟರ್ ನುಡಿಸುವ ಸ್ವರಗಳಿಗೆ ಜೀವ ತುಂಬುವ ತಂತ್ರಾಂಶ ಬರೆದರು. ಆ ಆಕಾರಗಳು ಲೋಕದ ಎಲ್ಲ ಜನರಿಗೂ ಒಂದೇ ಎಂಬ ಅವರ ಮಾತನ್ನು ವಿಜ್ಞಾನಿಗಳೆಲ್ಲ ಒಪ್ಪಲಿಲ್ಲ, ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಗಾಂಧಾರವನ್ನು ಕಂಪಿಸುವಾಗ, ಎಳೆತದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ರಾಗದ ಮುಖವೇ ಬದಲಾಗುವುದನ್ನು ಕಂಡವಳಾಗಿ, ಅವರು ಹುಡುಕಿದ ಜಾಗ ಸರಿಯಾದದ್ದು ಎನ್ನುತ್ತೇನೆ. ಪಿಯಾನೊ ಕೀಲಿಯ ಮೇಲಿದ್ದ ಬೆರಳಿಗೆ ತಾನೇ ಅವರು ಅಳತೆಗೋಲು ಹಿಡಿದದ್ದು?

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ‘ಬಿಟ್ಟು’ ಹೋಯಿತು, ಡಾಸನ್ ಅವರ ಹೆಸರು ಸೇರಿತು, ಕ್ಲೈನ್ಸ್, ಕ್ಲೈನ್ ಹೆಸರುಗಳನ್ನು ಕರಡು ತಿದ್ದುವವರಿಗೆ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಟ್ಟಿದ್ದೇನೆ. ಮೈಸೂರಿನ ಮೇಡಂ ಅವರಲ್ಲಿ ಒಂದು ಕೋರಿಕೆ: ಮಗುವಿನ ಹೆಸರು, ದಿನಾಂಕ ಕಾಣದಂತೆ ಮಾಡಿ, ನೂರು ಬಾರಿಯ ಗೆರೆಯನ್ನೂ ಎರಡು ಸಾವಿರ ಬಾರಿಯ ಗೆರೆಯನ್ನೂ ಪಕ್ಕಪಕ್ಕದಲ್ಲಿ ತೋರಿಸುವ ಒಂದು ಚಿತ್ರವನ್ನು ಕಳುಹಿಸಿಕೊಡಲು ಸಾಧ್ಯವೇ? ಎರಡನೆಯ ಪುಟದ ಕೆಳಗೆ ಅದಕ್ಕೆಂದೇ ಜಾಗ ಬಿಟ್ಟಿದ್ದೇನೆ.